ಎಣ್ಣೆ ಹೆಪ್ಪುಗಟ್ಟದ ಮಾಗಿ

ಕೆಡ್ಡಸದ ಕೊನೆಯ ದಿನ. ಮುಳ್ಳೇರಿಯದಿಂದ ಕಾಸರಗೋಡಿಗೆ ಹೋಗುವ ಮೊದಲ ಬಸ್ಸು ಗುಡ್ಡೆಯ ತಿರುವಿನಲ್ಲಿ ಹಾರ್ನು ಹಾಕಿದ ಹೊತ್ತು. ಅಂಗಳದಲ್ಲಿ ಇದ್ದವರು ಅಜ್ಜಿ, ಅಮ್ಮ, ಅಮ್ಮನ ಅಣ್ಣನಾದ ಮಾವ ಮತ್ತು ನಾನು. ಚಾವಡಿಯ ತೊಟ್ಟಿಲಲ್ಲಿ ಹಲ್ಲು ಬಾರದ ತಮ್ಮ. ದನಗಳ ಹಟ್ಟಿಯಲ್ಲಿ ಕೆಂಚಿ. ಹಟ್ಟಿಯ ಆಚೆ ತೆಂಗಿನ ಮರದ ಬುಡದಲ್ಲಿ, ಗರಿ ಹೆಣೆದ ಮಡಲುಗಳ ಕೆಳಗೆ ಬೊಳ್ಳಿ. ಅವಳು ಸತ್ತು ಒಂದು ರಾತ್ರಿ ಕಳೆದಿತ್ತು.

ಇದ್ದವರನ್ನು ಹೀಗೆ ಲೆಕ್ಕಹಾಕಿ ದಿನ ಶುರುಮಾಡುವುದು ಅಜ್ಜಿಯ ಪದ್ಧತಿ. ಮೊದಲ ಬಸ್ಸು ಹೋಗುವಾಗ ಮನೆಯವರೆಲ್ಲ ಮುಖ ತೊಳೆದು ಅಂಗಳದಲ್ಲಿ ನಿಂತಿರಬೇಕು. ಯಾರಿಗೆ ಯಾವ ಕೆಲಸ ಎಂದು ಅವರು ಒಮ್ಮೆ ಹೇಳುತ್ತಿದ್ದರು. ಎರಡನೆಯ ಸಲ ಕೇಳುವಂತಿರಲಿಲ್ಲ. ಕತ್ತಲಾದ ಮೇಲೆ ಚಾವಡಿಯ ಮೆಟ್ಟಿಲ ಬಳಿ ನಿಂತು ಒಬ್ಬೊಬ್ಬರೇ ಮಾಡಿದ ಕೆಲಸ ಒಪ್ಪಿಸಬೇಕು. ಹಟ್ಟಿ ಮುಚ್ಚಿ ಬಂದು ಹೇಳುವುದು ನನ್ನ ಪಾಲು. "ಬೊಳ್ಳಿ ಉಂಟು, ಕೆಂಚಿ ಉಂಟು, ಬಾಗಿಲು ಹಾಕಿದೆ." ನಾನು ಜೀವನದಲ್ಲಿ ಕೊಟ್ಟ ಮೊದಲ ವರದಿ ಅದು. ಮುಂದೆ ದಾದಿಯಾಗಿ ಆಸ್ಪತ್ರೆ ಸೇರಿದಾಗ, ಪಾಳಿ ಬದಲಾಗುವ ಹೊತ್ತಿನಲ್ಲಿ ಒಂದೊಂದು ಹಾಸಿಗೆಯ ಬಳಿ ನಿಂತು ವರದಿ ಒಪ್ಪಿಸುವ ಕ್ರಮವನ್ನು ಜೊತೆಯ ಹುಡುಗಿಯರು ಅಳುತ್ತ ಕಲಿತರು. ನನಗೆ ಅದು ಮನೆಯ ಮಾತೇ ಆಗಿತ್ತು. ಮನೆಯ ಮಾತು ಎಂದರೆ ತುಳು. ಇಲ್ಲಿ ಬರೆಯುವಾಗ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ.

ಮನೆ ದೊಡ್ಡದೇನಲ್ಲ. ಹಿಂದೆ ಗೇರುಮರಗಳ ಗುಡ್ಡೆ, ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ನಾಲ್ಕಾರು ಗದ್ದೆಗಳ ಬೈಲು. ಚಾವಡಿ, ಅದರ ಒಳಗೆ ಹೊಗೆ ಹಿಡಿದ ಅಡುಗೆಮನೆ, ಮೇಲೆ ತೆಂಗಿನಕಾಯಿ ಮತ್ತು ಕೊಬ್ಬರಿ ತುಂಬುವ ಅಟ್ಟ. ಅಡುಗೆಮನೆಯ ಕಿಟಕಿಯ ಅಡ್ಡಹಲಗೆಯ ಮೇಲೆ ಒಂದು ಕಂಚಿನ ಗಿಂಡಿ ಇತ್ತು. ಅದಕ್ಕೆ ತೆಂಗಿನೆಣ್ಣೆ ತುಂಬಿಸುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ, ಮಾಗಿಯ ಆರಂಭದಲ್ಲಿ, ಕೆಡ್ಡಸಕ್ಕೆಂದು. ಆ ಎಣ್ಣೆಯಿಂದ ಒಗ್ಗರಣೆ ಹಾಕುವಂತಿಲ್ಲ, ತಲೆಗೆ ಹಚ್ಚುವಂತಿಲ್ಲ. ಅದು ಭೂಮಿಯ ಪಾಲು.

ತುಳುವರಲ್ಲದವರಿಗೆ ಕೆಡ್ಡಸ ಎಂದರೆ ಏನೆಂದು ಹೇಳಬೇಕು. ಮಕರ ತಿಂಗಳ ಕೊನೆಯಲ್ಲಿ, ಚಳಿ ಮುಗಿದು ಬಿಸಿಲು ಏರುವ ಮುಂಚೆ, ಭೂಮಿ ಮುಟ್ಟಾಗುತ್ತಾಳೆ ಎಂದು ನಮ್ಮ ಹಿರಿಯರ ನಂಬಿಕೆ. ಮೂರು ದಿನ ಅವಳಿಗೆ ವಿಶ್ರಾಂತಿ. ಹಾರೆ, ಗುದ್ದಲಿ, ನೇಗಿಲು ಏನೂ ಮಣ್ಣಿಗೆ ತಾಗಬಾರದು. ಬೇರಿರುವ ಗಿಡ ಕೀಳಬಾರದು, ಹಸಿ ಹುಲ್ಲು ಕೊಯ್ಯಬಾರದು. ಕೊನೆಯ ದಿನ ಬೆಳಿಗ್ಗೆ ಹೆಂಗಸರು ತುಳಸಿಕಟ್ಟೆಯ ಬಳಿ ಸೆಗಣಿ ಸಾರಿಸಿ, ಅರಸಿನ, ಕುಂಕುಮ, ಸೀಗೆ, ಬಾಚಣಿಗೆ ಇಟ್ಟು, ನೆಲಕ್ಕೆ ಎಣ್ಣೆ ಎರೆಯುತ್ತಾರೆ. ಅದು ಅವಳ ಸ್ನಾನ. ಆಮೇಲೆ ಅಕ್ಕಿ, ಹುರುಳಿ, ಹೆಸರು ಹುರಿದು ಪುಡಿಮಾಡಿ ಬೆಲ್ಲ ಕಲಸಿದ ನನ್ನೆರಿ ತಿನ್ನುವುದು. ಅಷ್ಟಾದ ಮೇಲೆಯೇ ಹಾರೆ ಮುಟ್ಟುವುದು.

ಗಿಂಡಿಯ ಎಣ್ಣೆಗೆ ಇನ್ನೊಂದು ಉಪಯೋಗವೂ ಇತ್ತು. ಅಜ್ಜಿ ಅದರಿಂದ ಆಕಾಶ ಓದುತ್ತಿದ್ದರು. ಮಾಗಿಯ ಮುಂಜಾನೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿದ್ದರೆ ರಾತ್ರಿ ಆಕಾಶ ನಿರ್ಮಲವಾಗಿತ್ತು ಎಂದು ಅರ್ಥ, ಗೇರುಹೂವಿಗೆ ಭಯವಿಲ್ಲ. ಕರಗಿಯೇ ಇದ್ದರೆ ಮೋಡ. ಮೋಡ ಕಟ್ಟಿ ಸೆಕೆಯಾದರೆ ಗೇರಿನ ಚಿಗುರಿಗೆ ಸೊಳ್ಳೆಯಂಥ ಹುಳ ಕೂರುತ್ತದೆ, ಹೂವಿನ ಗೊಂಚಲು ಬೆಂಕಿ ತಾಗಿದಂತೆ ಕರಟುತ್ತದೆ. ಆ ವರ್ಷ ಮಕರ ತಿಂಗಳಿಡೀ ಎಣ್ಣೆ ನೀರಿನಂತೆ ಅಲುಗಾಡುತ್ತಲೇ ಇತ್ತು. ಅಂಗಳದಲ್ಲಿ ಹರಡಿದ ಕೊಬ್ಬರಿ ಒಣಗದೆ ಹಸಿರು ಬೂಷ್ಟು ಹಿಡಿಯಿತು. ಗಾಣಕ್ಕೆ ಕೊಡಲು ಏನೂ ಇರಲಿಲ್ಲ. ಅಡುಗೆಯ ಎಣ್ಣೆಯ ಡಬ್ಬಿ ಬರಿದಾಗಿ ನಾವು ಗಂಜಿಗೆ ಬರೀ ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತಿದ್ದೆವು. ನೆರೆಕರೆಯಲ್ಲಿ ಕೇಳಿದರೆ ಅಲ್ಲಿಯೂ ಅದೇ ಕಥೆ. ಇಷ್ಟಾದರೂ ಗಿಂಡಿಯಲ್ಲಿ ತೆಗೆದಿಟ್ಟ ಎಣ್ಣೆಗೆ ಯಾರೂ ಕೈ ಹಾಕಲಿಲ್ಲ.

ಕೆಡ್ಡಸದ ಹಿಂದಿನ ದಿನ ಉದ್ದಿನ ವಿಷಯಕ್ಕೆ ಜಗಳವಾಯಿತು. ಭತ್ತ ಕೊಯ್ದ ಗದ್ದೆಯಲ್ಲಿ ಉದ್ದು ಹಾಕಿದ್ದೆವು. ಕೋಡುಗಳು ಅರ್ಧ ಕಪ್ಪಾಗಿದ್ದವು, ಅರ್ಧ ಹಸಿರಿದ್ದವು. ಕೆಡ್ಡಸ ಬಂದರೆ ಮೂರು ದಿನ ಕೀಳುವಂತಿಲ್ಲ, ಅಷ್ಟರಲ್ಲಿ ಬಿಸಿಲು ಬಂದರೆ ಮಾಗಿದ ಕೋಡು ಒಡೆದು ಕಾಳು ಮಣ್ಣುಪಾಲು. ಅಜ್ಜಿ ಎಲ್ಲವನ್ನೂ ಆ ದಿನವೇ ಕೀಳಬೇಕು ಎಂದರು.

"ಹಸಿ ಉಂಟಲ್ಲ ಅಮ್ಮ, ಕೆಡ್ಡಸ ಕಳೀಲಿ," ಎಂದರು ಮಾವ.

"ಕಳೆದ ಮೇಲೆ ನೀನು ಮಣ್ಣಿಂದ ಒಂದೊಂದೇ ಕಾಳು ಹೆಕ್ಕಿ ಕೊಡ್ತೀಯಾ? ಹಾಗಾದ್ರೆ ಬಿಡುವ."

ಮಾವ ಬೈಲಿಗೆ ಇಳಿದರು. ಸಂಜೆಯೊಳಗೆ ಉದ್ದೆಲ್ಲ ಬುಡಸಮೇತ ಗದ್ದೆಯಲ್ಲಿ ಸಾಲುಸಾಲಾಗಿ ಮಲಗಿತು.

ಕೆಡ್ಡಸದ ಮೊದಲ ದಿನ ಮಧ್ಯಾಹ್ನ ಮಳೆ ಬಂತು. ಆ ತಿಂಗಳಲ್ಲಿ ಬರಬಾರದ ಮಳೆ. ಗುಡುಗು ಗಾಳಿ ಏನೂ ಇಲ್ಲದೆ, ಆಷಾಢದಂತೆ ಒಂದೇ ಸಮ ಸುರಿಯಿತು. ಗದ್ದೆಯಲ್ಲಿ ನೀರು ನಿಂತಿತು. ಬದು ಕಡಿದರೆ ನೀರು ಕೆಳಗೆ ಹರಿಯುವ ತೋಡಿಗೆ ಇಳಿದು ಹೋಗುತ್ತಿತ್ತು, ಆದರೆ ಹಾರೆ ಮುಟ್ಟುವಂತಿಲ್ಲ. ಮಾವ ಬದುವಿನ ಮೇಲೆ ನಿಂತು ಮನೆಯ ಕಡೆ ನೋಡಿದರು. ಅಜ್ಜಿ ಅಂಗಳದ ತುದಿಯಿಂದ ಬೇಡವೆಂದು ತಲೆಯಾಡಿಸಿದರು. ನಾವೆಲ್ಲ ಇಳಿದು ಒದ್ದೆ ಉದ್ದನ್ನು ಬುಟ್ಟಿಗಳಲ್ಲಿ ಹೊತ್ತು ತಂದು ಹಟ್ಟಿಯ ಜಗಲಿಯಲ್ಲಿ ರಾಶಿ ಹಾಕಿದೆವು. ಮಳೆ ನಿಲ್ಲುವಾಗ ಬೈಹುಲ್ಲಿನ ಬಣವೆಯೂ ಒಳಗಿನವರೆಗೆ ತೊಯ್ದಿತ್ತು.

ಮರುದಿನ ಬೆಳಿಗ್ಗೆ ಅಂಗಳದ ಹಾಜರಿಯಲ್ಲಿ ಅಮ್ಮ ಕೇಳಿದರು, "ದನಗಳಿಗೆ ಎಂತ ಹಾಕುವುದು?"

ಪ್ರಶ್ನೆ ಸಣ್ಣದಲ್ಲ. ಅಮ್ಮನಿಗೆ ಬಾಣಂತಿತನದಲ್ಲಿ ಟೈಫಾಯ್ಡ್ ಬಂದು ಹಾಲು ಬತ್ತಿತ್ತು. ತಮ್ಮ ಬದುಕಿದ್ದದ್ದು ಕೆಂಚಿಯ ಹಾಲಿನಿಂದ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು, ಮಗುವಿನ ಮುಖ ಇನ್ನೂ ನೋಡಿರಲಿಲ್ಲ. ಕೆಂಚಿ ನಮ್ಮ ಊರಿನ ಗಿಡ್ಡ ಜಾತಿಯ ಕೆಂಪು ದನ, ಕೊಡುವುದೇ ಒಂದು ಚೆಂಬು. ಒಂದು ದಿನ ಅವಳ ಹೊಟ್ಟೆಗೆ ಬೀಳದಿದ್ದರೆ ಮರುದಿನ ಚೆಂಬು ಅರ್ಧವಾಗುತ್ತಿತ್ತು. ಬೊಳ್ಳಿ ಬಿಳಿಯ ಮುದಿ ದನ, ಹಾಲು ನಿಂತು ಎಷ್ಟೋ ವರ್ಷ. ಅವಳ ತಾಯಿ ಹೆರುವಾಗಲೇ ಸತ್ತದ್ದರಿಂದ ಅಜ್ಜಿ ಅವಳಿಗೆ ಗಂಜಿ ತಿಳಿ ಕುಡಿಸಿ ಸಾಕಿದ್ದರಂತೆ. ಅಜ್ಜಿ ಹಟ್ಟಿಯ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಬೊಳ್ಳಿ ಮಲಗಿದಲ್ಲಿಂದ ಎದ್ದು ನಿಲ್ಲುತ್ತಿದ್ದಳು.

ಬೈಹುಲ್ಲು ಒದ್ದೆ, ಬೂಷ್ಟಿನ ವಾಸನೆ ಬರುತ್ತಿತ್ತು. ಹಸಿ ಹುಲ್ಲು ಕೊಯ್ಯುವಂತಿಲ್ಲ. ಉಳಿದದ್ದು ಜಗಲಿಯ ಉದ್ದು. ಅದು ಕೆಡ್ಡಸಕ್ಕೆ ಮುಂಚೆಯೇ ಕಿತ್ತದ್ದು, ಹಾಕಿದರೆ ಯಾವ ನಿಯಮವೂ ಮುರಿಯುವುದಿಲ್ಲ.

"ಉದ್ದಿನ ಗಿಡ ಹಾಕಿ," ಎಂದರು ಅಜ್ಜಿ. "ಹೇಗೂ ಕೋಡಿನೊಳಗೆ ಮೊಳಕೆ ಬಂದಿದೆ. ನಮಗಾಗದ್ದು ಅವಕ್ಕಾದರೂ ಆಗ್ಲಿ."

"ಒದ್ದೆ ಉದ್ದು ದನಕ್ಕೆ ಆಗ್ಲಿಕ್ಕಿಲ್ಲ ಅಮ್ಮ. ಸ್ವಲ್ಪ ಒಣಗಿಸಿ ಕೊಡುವ," ಎಂದರು ಮಾವ.

"ಒಣಗಿಸ್ಲಿಕ್ಕೆ ಬಿಸಿಲನ್ನು ಎಲ್ಲಿಂದ ತರ್ತೀಯಾ ಮಾರಾಯ, ಮುಳ್ಳೇರಿಯ ಪೇಟೆಯಿಂದಲಾ?"

ಅಮ್ಮ ನಕ್ಕರು. ಮಾವನೂ ನಕ್ಕರು. ಅಮ್ಮ ಎರಡು ಬುಟ್ಟಿ ತುಂಬಿಸಿ ದನಗಳ ಮುಂದೆ ಸುರಿದರು. ಹಿಂದಿನ ಸಂಜೆಯಿಂದ ಹಸಿದಿದ್ದ ದನಗಳು ತಲೆ ಎತ್ತದೆ ತಿಂದವು. ಮಾವ ಗೇರುಗುಡ್ಡೆಗೆ ಹತ್ತಿದರು.

ಮಾವ ಇಳಿದು ಬರುವಾಗ ಅವರ ಕೈಯಲ್ಲಿ ಒಂದು ಹೂಗೊಂಚಲು ಇತ್ತು. ಅದನ್ನು ಚಾವಡಿಯ ಅಂಚಿನ ದಳಿಯ ಕಟ್ಟೆಯ ಮೇಲೆ ಇಟ್ಟರು. ಪೂರ್ತಿ ಕಪ್ಪಾಗಿತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಅಜ್ಜಿ ನೋಡಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಟ್ಟಿಯಿಂದ ಅಮ್ಮ ಕರೆದದ್ದು ಕೇಳಿತು.

ಎರಡು ದನಗಳ ಎಡಹೊಟ್ಟೆಯೂ ಉಬ್ಬಿ ಬೆನ್ನಿನ ಮಟ್ಟಕ್ಕೆ ಏರಿತ್ತು. ತಟ್ಟಿದರೆ ಚೆಂಡೆಯ ಸದ್ದು. ಕೆಂಚಿ ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತಿದ್ದಳು. ಬೊಳ್ಳಿ ಕುತ್ತಿಗೆ ಚಾಚಿ ನಾಲಿಗೆ ಹೊರಗೆ ಹಾಕಿ ಉಸಿರೆಳೆಯುತ್ತಿದ್ದಳು. ಮಾವ ಅಂಗಿ ಹೆಗಲಿಗೆ ಹಾಕಿಕೊಂಡು ಮೃಗಾಸ್ಪತ್ರೆಯ ಡಾಕ್ಟರನ್ನು ಕರೆತರಲು ರಸ್ತೆಗೆ ಓಡಿದರು. ಬಸ್ಸು ಸಿಕ್ಕಿ, ಹೋಗಿ, ಬರಬೇಕು. ಹೊಟ್ಟೆ ಉಬ್ಬಿದ ದನ ಬಸ್ಸಿಗೆ ಕಾಯುವುದಿಲ್ಲ ಎಂದು ಮೂವರು ಹೆಂಗಸರಿಗೂ ಗೊತ್ತಿತ್ತು. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಆ ದಿನ ನನ್ನನ್ನು ಯಾರೂ ಮಗುವೆಂದು ನೋಡಲಿಲ್ಲ.

ಹೊಟ್ಟೆಯೊಳಗಿನ ನೊರೆ ಒಡೆಯಲು ಎಣ್ಣೆ ಕುಡಿಸಬೇಕು. ಶುಂಠಿ ಜಜ್ಜಿ ಹಾಕಿದ ಎಣ್ಣೆ, ಬಿದಿರಿನ ಗೊಟ್ಟದಿಂದ. ಬಾಯಿಗೆ ಅಡ್ಡವಾಗಿ ಕೋಲು ಕಟ್ಟಿ ಜಗಿಯುವಂತೆ ಮಾಡಬೇಕು, ಏರಿನಲ್ಲಿ ನಡೆಸಬೇಕು. ಶುಂಠಿ ಇತ್ತು, ಕೋಲು ಇತ್ತು. ಅಮ್ಮ ಡಬ್ಬಿಯನ್ನು ಕವುಚಿ ಹಿಡಿದು ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ.

ಅಜ್ಜಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಗಿಂಡಿ ಇತ್ತು.

"ಅಮ್ಮ, ಅದು ನಾಳೆಗೆ..." ಎಂದರು ನನ್ನ ಅಮ್ಮ.

"ಗೊತ್ತುಂಟು. ಕೆಂಚಿಯ ಬಾಯಿ ತೆರೆದು ಹಿಡಿ."

"ಅರ್ಧರ್ಧ ಮಾಡುವನಾ?"

"ಅರ್ಧರ್ಧ ಮಾಡಿದ್ರೆ ಎರಡೂ ಹೋಗ್ತದೆ. ಹಿಡಿ."

ಇಷ್ಟು ಹೇಳುವಾಗ ಅಜ್ಜಿ ಬೊಳ್ಳಿಯ ಕಡೆ ತಿರುಗಲಿಲ್ಲ. ಗಿಂಡಿಯಿಂದ ಗೊಟ್ಟಕ್ಕೆ, ಗೊಟ್ಟದಿಂದ ಕೆಂಚಿಯ ಗಂಟಲಿಗೆ ಎಣ್ಣೆ ಹೋಯಿತು. ಚೆಲ್ಲದಂತೆ, ಉಸಿರಿಗೆ ಸಿಕ್ಕದಂತೆ, ಗುಟುಕು ಗುಟುಕಾಗಿ. ನಾನು ಮುಂದೆ ಎಷ್ಟೋ ರೋಗಿಗಳಿಗೆ ಮೂಗಿನ ಕೊಳವೆಯಿಂದ ಆಹಾರ ಕೊಟ್ಟಿದ್ದೇನೆ. ಅಷ್ಟು ಸ್ಥಿರವಾದ ಕೈಯನ್ನು ಮತ್ತೆ ನೋಡಲಿಲ್ಲ.

ಬೊಳ್ಳಿಯ ಬಾಯಿಗೆ ಕೋಲು ಕಟ್ಟಿ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

"ಗುಡ್ಡೆಯ ದಾರಿಯಲ್ಲಿ ಹತ್ತಿಸು ಮಗಾ. ನಿಲ್ಲಿಕ್ಕೆ ಬಿಡಬೇಡ. ಮಲಗಿದ್ರೆ ಮುಗೀತು."

ನಾನು ಹತ್ತಿಸಿದೆ. ಒದ್ದೆ ಕೆಂಪು ಮುರಕಲ್ಲಿನ ಮೇಲೆ ಅವಳ ಗೊರಸು ಜಾರುತ್ತಿತ್ತು. ಕೋಲನ್ನು ಜಗಿಯುತ್ತ, ಜೊಲ್ಲು ಸುರಿಸುತ್ತ ಕರಟಿದ ಗೇರುಹೂಗಳ ಕೆಳಗೆ ಅವಳು ನನ್ನ ಹಿಂದೆ ನಡೆದಳು. ನಾನು ಎಳೆದದ್ದಕ್ಕಿಂತ ಅವಳೇ ಬಂದದ್ದು ಹೆಚ್ಚು. ಬೊಳ್ಳಿ ಹೇಳಿದ ಮಾತು ಮೀರದ ದನ. ಎರಡನೆಯ ತಿರುವಿನಲ್ಲಿ ನಿಂತಳು. ನಾನು ಹಗ್ಗ ಎಳೆದೆ, ಬೆನ್ನಿಗೆ ಹೊಡೆದೆ, ಕೊನೆಗೆ ಅಜ್ಜಿಯಂತೆ ಕೆಮ್ಮಿ ನೋಡಿದೆ. ಕಿವಿ ಅಲ್ಲಾಡಿತು. ಮತ್ತೆ ಕೆಲವು ಹೆಜ್ಜೆ ಹಾಕಿ, ಮೊಣಕಾಲೂರಿ, ಬದಿಗೆ ಒರಗಿದಳು.

ನಾನು ಕೂಗಿದ್ದಕ್ಕೆ ಅಜ್ಜಿ ಹತ್ತಿ ಬಂದರು. ಅಷ್ಟರಲ್ಲಿ ಬೊಳ್ಳಿಯ ಕಣ್ಣಿನ ಮೇಲೆ ನೊಣ ಕೂತಿತ್ತು. ಗಿಂಡಿ ಇನ್ನೂ ಅವರ ಕೈಯಲ್ಲೇ ಇತ್ತು. ಒಳಗೆ ಬೆರಳು ಹಾಕಿ, ಸಿಕ್ಕಿದ ಒಂದಿಷ್ಟು ಜಿಡ್ಡನ್ನು ಬೊಳ್ಳಿಯ ಹಣೆಗೆ, ಎರಡು ಕೋಡುಗಳ ನಡುವೆ ಹಚ್ಚಿದರು. ಬಾಯಿಯ ಕೋಲು ಬಿಚ್ಚಿದರು.

"ನೀನು ನಿಲ್ಲಿಸಿದ್ದಾ, ಅವಳೇ ನಿಂತದ್ದಾ?"

"ಅವಳೇ ನಿಂತದ್ದು."

"ಸರಿ. ಹಗ್ಗ ಸುತ್ತಿ ತಾ."

ಮಾವ ಸಂಜೆ ಹೊತ್ತಿಗೆ ಮದ್ದಿನ ಬಾಟ್ಲಿಯೊಂದಿಗೆ ಬಂದರು. ಡಾಕ್ಟರು ಬೇರೊಂದು ಊರಿಗೆ ಹೋಗಿದ್ದರಂತೆ, ಅಲ್ಲಿಯೂ ಇದೇ ಮಳೆ, ಇದೇ ಕಾಯಿಲೆ. ಕೆಂಚಿಯ ಹೊಟ್ಟೆ ಅಷ್ಟರಲ್ಲಿ ಇಳಿದಿತ್ತು. ಬೊಳ್ಳಿಯನ್ನು ಹೂಳೋಣ ಎಂದು ಮಾವ ಹೇಳಲೂ ಇಲ್ಲ. ಗುಂಡಿ ತೋಡಲು ಮಣ್ಣಿಗೆ ಹಾರೆ ತಾಗಬೇಕು, ಅದಕ್ಕೆ ಇನ್ನೂ ಒಂದು ರಾತ್ರಿ ಇತ್ತು. ಪಕ್ಕದ ಮನೆಯ ಬಾಬಣ್ಣನನ್ನು ಕರೆದು, ಬಿದಿರಿಗೆ ಕಟ್ಟಿ ಇಳಿಸಿ, ತೆಂಗಿನ ಬುಡದಲ್ಲಿಟ್ಟು ಮಡಲು ಮುಚ್ಚಿದರು. ನಾಯಿ ನರಿ ಬಾರದಂತೆ ಮಾವ ಅಲ್ಲೇ ಚಾಪೆ ಹಾಕಿಕೊಂಡರು.

ಆ ದಿನ ನಡೆದದ್ದರಲ್ಲಿ ನಿಯಮ ಮೀರಿದ ಕೆಲಸ ಯಾವುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಉದ್ದು ಕಿತ್ತದ್ದು ನಿಯಮದಂತೆ. ಬದು ಕಡಿಯದಿದ್ದದ್ದು, ಹುಲ್ಲು ಕೊಯ್ಯದಿದ್ದದ್ದು, ಉದ್ದು ತಿನ್ನಿಸಿದ್ದು ಎಲ್ಲವೂ ನಿಯಮದಂತೆ. ಒಂದಕ್ಕೊಂದು ಸರಿಯಾಗಿ ಕೂಡಿಕೊಂಡು ಅವು ದನವನ್ನು ಕೊಂದವು. ಮುರಿದದ್ದು ಒಂದೇ ನಿಯಮ, ಗಿಂಡಿಯದು. ಉಳಿದದ್ದು ಅದರಿಂದ ಉಳಿಯಿತು. ಆ ತಮ್ಮ ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ವಯಸ್ಸಿನವನು. ಹಾಲು ಸೇರುವುದಿಲ್ಲ, ಕಪ್ಪು ಚಹಾ ಮಾತ್ರ ಕುಡಿಯುತ್ತಾನೆ. ಈ ವರ್ಷವೂ ಕೆಡ್ಡಸದ ಹೊತ್ತಿಗೆ ಮೋಡ ಕಟ್ಟಿತು. ಅವನು ಮೊಬೈಲಿನಲ್ಲಿ ಮಳೆಯ ಚಿತ್ರ ತೋರಿಸುತ್ತ, "ಅಕ್ಕಾ, ಗೇರುಹೂ ಪೂರಾ ಹೋಯಿತು," ಎಂದ. ನಾನು ಅಡುಗೆಮನೆಗೆ ಹೋಗಿ ಎಣ್ಣೆಯ ಬಾಟ್ಲಿ ಅಲುಗಿಸಿ ನೋಡಿದೆ. ಮೊಬೈಲು ಹೇಳಿದ್ದು ಸರಿಯಾಗಿತ್ತು.

ಆ ವರ್ಷದ ಕೆಡ್ಡಸದ ಕೊನೆಯ ದಿನ ಬೆಳಿಗ್ಗೆ ಮಾತ್ರ ಚಳಿ ಬಂದಿತ್ತು. ಮೂಡಣ ಗಾಳಿ, ತೊಳೆದಂಥ ಆಕಾಶ. ಬೇಕಾದಾಗ ಬಾರದ ಚಳಿ ಎಲ್ಲ ಹಾಳಾದ ಮೇಲೆ ಬಂದು ನಿಂತಿತ್ತು. ಅಜ್ಜಿ ಹಾಜರಿ ಮುಗಿಸಿ ಕಿಟಕಿಯ ಬಳಿಯಿಂದ ಗಿಂಡಿ ತಂದರು. ಒಳಗಿನ ಗೋಡೆಗೆ ಅಂಟಿದ್ದ ಜಿಡ್ಡು ತೆಳ್ಳಗೆ, ಬೆಳ್ಳಗೆ ಹೆಪ್ಪುಗಟ್ಟಿತ್ತು. ಆ ಮಾಗಿಯಲ್ಲಿ ಹೆಪ್ಪುಗಟ್ಟಿದ ಎಣ್ಣೆ ಅಷ್ಟೇ.

ತುಳಸಿಕಟ್ಟೆಯ ಬಳಿ ಅಮ್ಮ ಸೆಗಣಿ ಸಾರಿಸಿ ಎಲ್ಲ ಇಟ್ಟಿದ್ದರು. ಅಜ್ಜಿ ಗಿಂಡಿಗೆ ಬಿಸಿನೀರು ಹೊಯ್ದು ಕುಲುಕಿದರು. ನೀರಿನ ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲಿದವು. ಹಾರೆ ಹಿಡಿದು ಬಂದಿದ್ದ ಬಾಬಣ್ಣ ಬೇಲಿಯ ಬಳಿ ನಿಂತು, ಸಮಾಧಾನ ಹೇಳಲೆಂದೋ ಏನೋ, ನಗೆಮಾತಾಡಿದರು.

"ಈ ಸಲ ಎಣ್ಣೆ ಯಾಕೆ ಅಮ್ಮ, ಆಕಾಶವೇ ಮೀಯಿಸಿ ಆಯ್ತಲ್ಲ ಅವಳನ್ನು."

"ತಣ್ಣೀರಲ್ಲಿ ಮೀಯಿಸಿದ್ದು ಅದು. ಮುಟ್ಟಾದವಳಿಗೆ ಅದು ಸ್ನಾನ ಅಲ್ಲ, ಶಿಕ್ಷೆ. ನಿನ್ನ ಹೆಂಡತಿಯನ್ನು ಕೇಳು."

ಅಜ್ಜಿ ಬಗ್ಗಿ ಗಿಂಡಿಯ ನೀರನ್ನು ನೆಲಕ್ಕೆ ನಿಧಾನವಾಗಿ ಎರೆದರು. ಪ್ರತಿವರ್ಷ ಮನಸ್ಸಿನಲ್ಲೇ ಏನೋ ಹೇಳಿಕೊಳ್ಳುತ್ತಿದ್ದವರು ಆ ದಿನ ಎಲ್ಲರಿಗೂ ಕೇಳುವಂತೆ ಹೇಳಿದರು.

"ನಿನ್ನ ಪಾಲನ್ನು ದನಕ್ಕೆ ಕೊಟ್ಟೆ ತಾಯಿ. ಒಂದು ಉಳೀತು. ಇನ್ನೊಂದನ್ನು ನೀನೇ ಇಟ್ಟುಕೋ."

ಆಮೇಲೆ ಎಲ್ಲರಿಗೂ ಒಂದೊಂದು ಮುಷ್ಟಿ ನನ್ನೆರಿ ಕೊಟ್ಟರು. ಮಡಲಿನ ಕಡೆಯಿಂದ ವಾಸನೆ ಬರತೊಡಗಿತ್ತು. ತಿನ್ನಲೇಬೇಕಾದ್ದರಿಂದ ತಿಂದೆವು. ಹುರಿದ ಹುಡಿಯನ್ನು ನೀರು ಕುಡಿದು ಇಳಿಸಿದೆ. ಮಾವ ಹಾರೆ ಎತ್ತಿದರು. ಆ ವರ್ಷ ನಮ್ಮ ಮಣ್ಣಿಗೆ ತಾಗಿದ ಮೊದಲ ಕಬ್ಬಿಣ ಬಿತ್ತನೆಗೆ ತಾಗಲಿಲ್ಲ. ಮಳೆಗೆ ನೆನೆದ ನೆಲ ಮೇಲೆ ಮೆತ್ತಗಿತ್ತು, ಕೆಳಗೆ ಮುರಕಲ್ಲು. ಮಧ್ಯಾಹ್ನದವರೆಗೂ ಇಬ್ಬರೂ ಕಡಿದರು. ಬೊಳ್ಳಿಯನ್ನು ಇಳಿಸುವಾಗ ಅಜ್ಜಿ ಉಪ್ಪು ಹಾಕಿಸಿದರು. ಹಗ್ಗ ಹಾಕಬೇಡಿ, ಅದು ಹೊಸದು ಎಂದರು.

ಉಳಿದ ಹೊತ್ತು ಕೆಲಸದಲ್ಲಿ ಕಳೆಯಿತು. ಜಗಲಿಯ ಉದ್ದು ಬಿಸಿಯಾಗಿ ಹಬೆಯಾಡುತ್ತಿತ್ತು. ಅದನ್ನೆಲ್ಲ ಹೊತ್ತು ಗೊಬ್ಬರದ ಗುಂಡಿಗೆ ಹಾಕಿದೆವು. ಮುಂದಿನ ವರ್ಷದ ಬೀಜಕ್ಕೆ ಒಂದು ಹಿಡಿಯೂ ಉಳಿಯಲಿಲ್ಲ. ಬಣವೆ ಬಿಚ್ಚಿ ಬಿಸಿಲಿಗೆ ಹರಡಿದೆವು. ಅದರಲ್ಲಿ ಚೆನ್ನಾಗಿ ಒಣಗಿದ ಒಂದು ಹೊರೆಯನ್ನು ಅಜ್ಜಿ ಬೇರೆಯಾಗಿ ಕಟ್ಟಿಸಿ ಅಟ್ಟಕ್ಕೆ ಏರಿಸಿದರು. ಮುಂದೆ ಪ್ರತಿ ಕೆಡ್ಡಸಕ್ಕೂ ಅಲ್ಲಿ ಒಂದು ಹೊರೆ ಇದ್ದೇ ಇತ್ತು. ಸಂಜೆ ಕೆಂಚಿ ಕೊಟ್ಟದ್ದು ಅರ್ಧ ಚೆಂಬಿಗೂ ಕಡಿಮೆ. ಅಮ್ಮ ಅದಕ್ಕೆ ನೀರು ಸೇರಿಸಿ ಕಾಸಿದರು. ತಮ್ಮ ಮೊದಲು ಮುಖ ತಿರುಗಿಸಿದ, ಆಮೇಲೆ ಕುಡಿದ.

ದೀಪ ಹಚ್ಚಿದ ಮೇಲೆ ನಾನು ಹಟ್ಟಿ ಮುಚ್ಚಿ, ಹುಣಸೆಹುಳಿ ಬೂದಿ ಹಾಕಿ ಗಿಂಡಿ ಬೆಳಗಿ ಕಿಟಕಿಯಲ್ಲಿ ಕವುಚಿಟ್ಟು, ಮೆಟ್ಟಿಲ ಬಳಿ ನಿಂತೆ.

"ಹಟ್ಟಿ?" ಎಂದರು ಅಜ್ಜಿ.

"ಕೆಂಚಿ ಉಂಟು. ಬಾಗಿಲು ಹಾಕಿದೆ. ಹಗ್ಗ ಗೂಟಕ್ಕೆ ನೇತು ಹಾಕಿದ್ದೇನೆ."

"ಗಿಂಡಿ?"

"ಬೆಳಗಿದ್ದೇನೆ. ಕವುಚಿ ಇಟ್ಟಿದ್ದೇನೆ."

ಅಜ್ಜಿ ಕಿಟಕಿಯ ಕಡೆ ತಿರುಗಿದರು.

"ಕವುಚಬೇಡ. ನೇರ ಇಡು. ಅವಳ ಪಾಲು ಬಾಕಿ ಉಂಟು."

ನಾನು ಒಳಗೆ ಹೋಗಿ ಗಿಂಡಿಯನ್ನು ನೇರ ಇಟ್ಟು ಬಂದೆ.